ಗಾಜಿನ ಎಳೆಗೆ ಹಚ್ಚಿದ ವಿಭೂತಿ

ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಾಗ ನಾದಿನಿ ಗಿರಿಜಾಳ ಫೋನು ಬಂದಿತ್ತು. ಆ ದಿನ ಅವಳಿಗೆ ಸುಳ್ಳು ಹೇಳಿದೆ. ಒಂದೇ ಮಾತು — ಆದರೆ ಅದರಿಂದ ಅವಳ ಕೆಲಸ ಹೋಯಿತು, ಅದಕ್ಕಿಂತ ದೊಡ್ಡದೂ ಹೋಯಿತು.

ಗಿರಿಜಾ ನನ್ನ ಗಂಡನ ತಂಗಿ. ನಾನು ಯರಗುಪ್ಪಿಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಹೆರಳು ಹಾಕಿ ಶಾಲೆಗೆ ಕಳಿಸಿದವಳು ನಾನೇ. ಮುಂದೆ ಓದಿ, ಆಕಾಶದ ಲಕ್ಷಗಟ್ಟಲೆ ನಕ್ಷತ್ರಗಳನ್ನು ಸರ್ವೆ ಮಾಡುವ ದೊಡ್ಡ ಕೆಲಸಕ್ಕೆ ಸೇರಿದಳು. ದುರ್ಬೀನಿಗೆ ಬಿದ್ದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಯಂತ್ರಕ್ಕೆ ಸ್ಪೆಕ್ಟ್ರೋಗ್ರಾಫ್ ಎನ್ನುತ್ತಾರಂತೆ. ಅಂಥ ಯಂತ್ರಗಳು ಬರೋಬ್ಬರಿ ಇವೆಯೋ ಇಲ್ಲವೋ ಪರೀಕ್ಷಿಸುವುದು ಅವಳ ಪಾಲಿನ ಕೆಲಸ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಂದರಲ್ಲಿ ಗೊತ್ತಿರುವ ಬೆಳಕನ್ನು ಹಾಯಿಸಿ ನೋಡುತ್ತಾರೆ. ಎಳೆ ಕೊಳೆಯಾದರೆ ಒಳ್ಳೆಯ ಯಂತ್ರವೂ ತಪ್ಪು ತೋರಿಸುತ್ತದೆ.

ಆ ಎಳೆಯನ್ನು ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಒಯ್ಯುವಾಗ, ಮಹಾನವಮಿ ಎಂದು ನಡುವೆ ಮನೆಗೆ ಬಂದಳು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕುಡುಗೋಲು, ಕೂರಿಗೆ, ಟ್ರ್ಯಾಕ್ಟರು ಎಲ್ಲ ತೊಳೆದಿಟ್ಟಿದ್ದೆವು. "ನಿನ್ನ ಆಯುಧ ಎಲ್ಲೈತಿ ಬೇ? ಕಣ್ಣಿಗರೆ ಕಾಣತೈತೇನು?" ಎಂದು ಅವಳ ಅಣ್ಣ ಚಾಷ್ಟಿ ಮಾಡಿದರು. ನಕ್ಕು ಮಗ್ಗುಲ ಮನೆಗೆ ಹೋದಳು.

ನನಗೋ — ಎಲ್ಲರ ಆಯುಧಕ್ಕೂ ಪೂಜೆಯಾಗಿ ನಮ್ಮ ಹುಡುಗಿಯದೊಂದೇ ಉಳಿಯಿತಲ್ಲ ಎಂದು... ಎಳೆಯಿದ್ದ ಅವಳ ಚೀಲ ತೆಗೆದೆ. ಎಳೆಯ ತುದಿಗೆ ಪೆನ್ನಿಗಿರುವಂಥ ಮುಚ್ಚಳವಿತ್ತು. ಮುಚ್ಚಳಕ್ಕೆ ಹಚ್ಚಿದರೆ ಅದೆಂಥ ಪೂಜೆ? ಅದನ್ನು ಕಿತ್ತು, ತುದಿಗೇ ವಿಭೂತಿ ಹಚ್ಚಿ, ಕೈಮುಗಿದು, ಸೆರಗಿನಿಂದ ತಿಕ್ಕಿ ಒರೆಸಿ ಮತ್ತೆ ಮುಚ್ಚಿಟ್ಟೆ.

ಕೆಲವು ತಿಂಗಳ ಮೇಲೆ ಆ ಫೋನು ಬಂತು. ಯಂತ್ರಗಳೆಲ್ಲ ತಪ್ಪು ತೋರಿಸಿದ್ದವು. ಲ್ಯಾಬಿನವರು ಒಂದೊಂದನ್ನೂ ಬಿಚ್ಚಿ ಹುಡುಕಿ ಸೋತು, ಕೊನೆಗೆ ಎಳೆಯ ತುದಿಯಲ್ಲಿ ಬೂದಿಯಂಥ ಧೂಳು, ಗೀರು ಕಂಡಿದ್ದರು.

"ವೈನಿ, ನನ್ನ ಚೀಲಾ ಯಾರರೆ ತಗದಿದ್ರೇನ್ರಿ?"

"ಯಾರೂ ಮುಟ್ಟಿಲ್ಲವ್ವಾ," ಎಂದೆ.

ಹಳ್ಳಿಯ ಹೆಂಗಸಿನ ಭಕ್ತಿಗೆ ಅಲ್ಲಿಯವರು ನಕ್ಕಾರು, ಅವಳಿಗೆ ಅವಮಾನವಾದೀತು ಎಂದು — ಅಲ್ಲ, ಅದೂ ನೆಪ. ಹೆದರಿದೆ, ಅಷ್ಟೇ.

ನನ್ನ ಮಾತು ನಂಬಿ ಅವಳು, ಮುಚ್ಚಳ ಹಾಕಲು ತಾನೇ ಮರೆತೆನೆಂದು ಎಲ್ಲರೆದುರು ಒಪ್ಪಿಕೊಂಡಳು. ಯಾರೂ ಹೊರಗೆ ಹಾಕಲಿಲ್ಲ. ಅವಳೇ ಬಿಟ್ಟು ಬಂದಳು. ಯಂತ್ರಗಳು ಬೇರೆಯವರ ಕೈಯಲ್ಲಿ ಪಾಸಾಗಿ ಬೆಟ್ಟದ ಮೇಲಿನ ದುರ್ಬೀನಿಗೆ ಹೋದವು. ಯಂತ್ರ ಕೆಡಲಿಲ್ಲ, ಅವಳಿಗೆ ಹುಬ್ಬಳ್ಳಿಯಲ್ಲಿ ಕಲಿಸುವ ಕೆಲಸ ಸಿಕ್ಕಿತು — ಹೀಗೆ ದೇವರ ಉಪಕಾರ ಎಣಿಸುತ್ತ ವರ್ಷಗಳನ್ನು ನೂಕಿದೆ. ಎಣಿಸಿದ್ದೆಲ್ಲ ನನ್ನ ಸಮಾಧಾನಕ್ಕೆ.

ಹೋದ ವಾರ ಬಂದಿದ್ದಳು. ಚಹಾ ಮಾಡಿ ಗ್ಯಾಸು ಬಂದ್ ಮಾಡಿದಳು. ಎರಡು ಹೆಜ್ಜೆ ಹೋಗಿ ಮತ್ತೆ ಬಂದು ಗ್ಯಾಸಿನ ಗುಂಡಿ ಮುಟ್ಟಿ ನೋಡಿದಳು.

"ನೀವೊಮ್ಮೆ ನೋಡ್ರಿ ವೈನಿ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ."

ಅಲ್ಲೇ ಹೇಳಿಬಿಟ್ಟೆ. ಎಲ್ಲವನ್ನೂ.

ಬೈಯಲಿಲ್ಲ. ಇಷ್ಟೇ ಕೇಳಿದಳು: "ಅಂದ್ರ... ನಾ ಮುಚ್ಚಳಾ ಹಾಕಿದ್ನಿ?"

"ಹಾಕಿದ್ದಿ. ಗಟ್ಟಿ ಹಾಕಿದ್ದಿ."

ಕ್ಷಮೆ ಕೇಳಲಿಲ್ಲ. ಕೇಳಿದರೆ ಅದನ್ನೂ ಅವಳೇ ಕೊಡಬೇಕಲ್ಲ. ಆ ಲ್ಯಾಬಿನವರಿಗೆ ಅವಳು ತೋರಿಸಬೇಕೆಂದರೆ ಇರಲಿ ಎಂದು ಇದನ್ನು ಬರೆದಿದ್ದೇನೆ.

ಅವತ್ತು ಬಸ್ಸಿಗೆ ಹೊರಟವಳು ಗೇಟಿನ ಚಿಲಕ ಹಾಕಿದಳು; ಹಾಕಿದೆನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ನಾನು ಹಿತ್ತಲಿಗೆ ಹೋಗಿ ಮುಸುರೆ ತಿಕ್ಕಲು ಕೂತೆ.