ಈರಪ್ಪ ಮಾಸ್ತರರ ಸಮುದ್ರದ ಊರು

ಬುಧವಾರ, ಬೆಳಿಗ್ಗೆ ಏಳು ಗಂಟೆ. ನರೇಗಲ್ಲಿನಲ್ಲಿ ಈರಪ್ಪ ಮಾಸ್ತರರ ಮನೆಯ ಕಟ್ಟೆ. ಗೋಡೆಗೆ ಒರಗಿಸಿ ಕೂರಿಸಿದ ಮಾಸ್ತರರ ಹೆಣ, ಪಕ್ಕದಲ್ಲಿ ಅವರ ಹೆಂಡತಿ ನೀಲವ್ವ, ಅವರದೇ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತನಾದ ನಾನು, ಓಣಿಯ ಕೆಲವು ಮಂದಿ. ಬೀದಿಯ ಆಚೆ ಎಡಗಾಲು ಎಳೆಯುತ್ತ ಬಂದು ನಿಂತ ದ್ಯಾಮಣ್ಣ. ಅವನು ಕಟ್ಟೆ ಹತ್ತದಂತೆ ಗಂಡಸರು ಅಡ್ಡಗಟ್ಟಿದ್ದರು. ಆ ಕಾಲನ್ನು ಮುರಿದವರು ಮಾಸ್ತರರು. ಮಾಸ್ತರರ ಬಲಗೈಯನ್ನು ಸೊಟ್ಟ ಮಾಡಿದವನು ದ್ಯಾಮಣ್ಣ.

ಆ ಕೈ ಸುಮ್ಮನೆ ಇದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಪಾಠ ಹೇಳುವಾಗ ಮೇಜಿಗೆ ಹೊಡೆಯುವುದು, ನಕಾಶೆಗೆ ಹೊಡೆಯುವುದು, ಹುಡುಗರ ಬೆನ್ನಿಗೆ ಹೊಡೆಯುವುದು. ಯಾರೂ ಸಿಗದಿದ್ದರೆ ತಮ್ಮ ತೊಡೆಗೇ ಹೊಡೆದುಕೊಳ್ಳುವುದು. ಹೊಡೆತವಿಲ್ಲದೆ ಅವರ ಬಾಯಿಂದ ಒಂದು ವಾಕ್ಯ ಹೊರಬೀಳುತ್ತಿರಲಿಲ್ಲ.

ನಮ್ಮ ಶಾಲೆ ಇದ್ದದ್ದು ಹೊಳೆಮಣ್ಣೂರಿನ ಆಚೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ. ಮಾಸ್ತರರು ಒಮ್ಮೆ ಶಿಕ್ಷಕರ ತಂಡವೊಂದರ ಜೊತೆ ಜಪಾನಿಗೆ ಹೋಗಿ, ಸಮುದ್ರದಂಡೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಕೆಲವು ವಾರ ಇದ್ದು ಬಂದರು. ಬಂದ ಮೇಲೆ ಅವರ ಭೂಗೋಳದ ಪಾಠದಲ್ಲಿ ಉಳಿದದ್ದು ಆ ಊರೊಂದೇ. ಅದರ ಹೆಸರು ನಮ್ಮ ಯಾರ ನಾಲಿಗೆಗೂ ಹತ್ತಲಿಲ್ಲ. ಹುಡುಗರು ಅದನ್ನು ಮಾಸ್ತರರ ಊರು ಎಂದೇ ಕರೆದರು.

"ಏ ಮಂಗ್ಯಾ, ನಿಮ್ಮವ್ವ ಜ್ವಾಳಾ ಕೇರೂ ಮರ ನೋಡೀಯಿಲ್ಲೊ? ಮೂರು ಕಡೆ ಅಂಚು, ಒಂದು ಕಡೆ ಬಾಯಿ. ಆ ಊರು ಹಾಂಗ ಐತಿ. ಮೂರು ಕಡೆ ಗುಡ್ಡ, ಬಾಯಾಗ ಸಮುದ್ರ. ಸಮುದ್ರ ಒಳಗ ನುಗ್ಗಿದ್ರ ಮಂದಿ ಎಲ್ಲಿ ಹೋಗಬೇಕು?" ಮೇಜಿಗೊಂದು ಏಟು. "ಮ್ಯಾಲಕ!"

ಕಾಲುಗಳಿರುವ ಸ್ಕ್ವಿಡ್ ಎಂಬ ಮೀನನ್ನು ಸೀರೆಯಂತೆ ಹಗ್ಗಕ್ಕೆ ಒಣಹಾಕುವ ಹೆಂಗಸರು, ಎರಡೇ ಡಬ್ಬಿಯ ರೈಲು ಬಂದು ನಿಲ್ಲುವ ಸ್ಟೇಷನ್ನು, ಮೀನುಗಾರನೂ ಹೆಡ್‌ಮಾಸ್ತರನೂ ಸಂಜೆ ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂರುವ ಸ್ನಾನದ ಮನೆ, ಎಲ್ಲವನ್ನೂ ಅವರು ಹೇಳುತ್ತಿದ್ದರು. ಬತ್ತಲೆ ಹೆಡ್‌ಮಾಸ್ತರನ ಸುದ್ದಿಗೆ ಹುಡುಗರು ನಕ್ಕರೆ ಏಟು ಬೀಳುತ್ತಿತ್ತು. ಆ ಊರಿಗೆ ಸಮುದ್ರ ಅಜ್ಜಂದಿರ ಕಾಲದಲ್ಲಿ ಒಮ್ಮೆ ನುಗ್ಗಿ ಮನೆಗಳನ್ನು ಒಯ್ದಿತ್ತು, ಮೊಮ್ಮಕ್ಕಳ ಕಾಲದಲ್ಲಿ ಮತ್ತೊಮ್ಮೆ. ಉಳಿದವರು ನೀರು ಮುಟ್ಟಿದ ಎತ್ತರಕ್ಕೆ ಗುಡ್ಡದಲ್ಲಿ ಕಲ್ಲು ನೆಟ್ಟರು. ಎಚ್ಚರಿಕೆಯ ಕೂಗು ಕೇಳಿದೊಡನೆ ಪ್ರತಿಯೊಬ್ಬನೂ ತಾನೊಬ್ಬನೇ ಆ ಕಲ್ಲಿನ ಮೇಲಕ್ಕೆ ಓಡಬೇಕು. ಯಾರಿಗೂ ಕಾಯುವಂತಿಲ್ಲ, ಯಾರಿಗಾಗಿಯೂ ಹಿಂದಿರುಗುವಂತಿಲ್ಲ. ಅದು ಆ ಊರಿನ ಪದ್ಧತಿ.

ಆ ಪದ್ಧತಿಯನ್ನು ಮಾಸ್ತರರು ನಮ್ಮ ಹಳ್ಳಿಗೆ ತಂದರು. ಇಲ್ಲಿ ಗುಡ್ಡವಿಲ್ಲ. ಹಳೆಯ ಕಾವಲು ಗೋಪುರವಾದ ಹುಡೇವು ನಿಂತಿರುವ ದಿಬ್ಬ ಒಂದಿದೆ. ವಾರಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಓಡಿಸುವ ಕೆಲಸ ನನ್ನದು. ಅಷ್ಟಕ್ಕೇ ನಿಲ್ಲದೆ ಅವರು ಒಂದು ಮಧ್ಯಾಹ್ನ, ಊರಲ್ಲಿ ಮದುವೆಯ ಪಂಕ್ತಿ ಕೂತಿರುವಾಗ, ಬಸವಣ್ಣನ ಗುಡಿಯ ಗಂಟೆಯನ್ನು ಒಂದೇ ಸಮನೆ ಬಾರಿಸಿದರು. ಜನ ಎಲೆ ಬಿಟ್ಟು ಎದ್ದು ಬಂದರು.

"ಯಾರ ಮನಿಗೆ ಬೆಂಕಿ ಹತ್ತೇತಿ?" ಎಂದ ಮದುಮಗನ ಸೋದರಮಾವ.

"ಯಾರ ಮನಿಗೂ ಹತ್ತಿಲ್ರಿ. ನೀರು ಬಂದ್ರ ಹ್ಯಾಂಗ ಓಡ್ತೀರಿ ಅಂತ ನೋಡಾಕ ಬಾರಿಸಿದೆ."

"ಮದಲ ನೀ ಹ್ಯಾಂಗ ಓಡ್ತೀ ನೋಡೂಣು ಬಾ!"

ಹುಗ್ಗಿ ಮೆತ್ತಿದ ಕೈಗಳಿಂದಲೇ ಹೊಡೆದರು. ಚಪ್ಪಲಿಯಲ್ಲಿ ಹೊಡೆದರು, ಬಿದ್ದ ಮೇಲೆ ಒದ್ದರು. ನಾನು ಬಿಡಿಸಿ ಕರೆತಂದಾಗ ತುಟಿ ಒಡೆದಿತ್ತು, ಕಿವಿಯಿಂದ ರಕ್ತ ಇಳಿಯುತ್ತಿತ್ತು.

"ಊರ ಮಂದಿ ಚಲೋ ಓಡ್ತಾರ ಬಿಡ್ರಿ ಡ್ರಿಲ್ ಮಾಸ್ತರ. ಮ್ಯಾಲಕ ಓಡೂ ಬದ್ಲಿ ನನ್ನ ಮ್ಯಾಲ ಓಡಿ ಬರ್ತಾರ, ಅಷ್ಟ," ಎಂದು ರಕ್ತ ಉಗುಳಿದರು.

ಮುಂದೊಂದು ಮಳೆಗಾಲದಲ್ಲಿ ಬೆಣ್ಣಿಹಳ್ಳವೂ ಮಲಪ್ರಭೆಯೂ ಒಟ್ಟಿಗೆ ಉಕ್ಕಿದವು. ಶಾಲೆ ನಡೆಯುತ್ತಿದ್ದ ಹೊತ್ತು. ಮಕ್ಕಳೆಲ್ಲ ದಿಬ್ಬ ಹತ್ತಿದರು, ನಾನು ಹಾಜರಿ ಕೂಗುತ್ತಿದ್ದೆ. ದಿಬ್ಬದ ಬುಡದಲ್ಲಿ, ಓಣಿಯ ಬಾಯಿಗೆ, ಮಾಸ್ತರರು ಗುದ್ದಲಿಯ ಕಾವು ಹಿಡಿದು ನಿಂತಿದ್ದರು. ಅವರ ಹಳೆಯ ಶಿಷ್ಯ ದ್ಯಾಮಣ್ಣ ತನ್ನ ಎರಡು ಕೂಸುಗಳನ್ನು ಹೊತ್ತು ತಂದು ಮೇಲೆ ಬಿಟ್ಟ, ತಿರುಗಿ ಇಳಿದ. ಎರಡೂ ಕಾಲು ಬಿದ್ದುಹೋದ ಅವನ ತಾಯಿ ಫಕೀರವ್ವ ಮನೆಯಲ್ಲೇ ಇದ್ದಳು.

"ಸರೀರಿ ಮಾಸ್ತರ, ಅವ್ವ ಒಳಗದಾಳ."

"ಮ್ಯಾಲ ನಡಿ."

"ಅವ್ವ ಒಳಗದಾಳ್ರಿ!"

"ಮ್ಯಾಲ ನಡಿ ಅಂದೆ."

ದ್ಯಾಮಣ್ಣ ಅವರನ್ನು ನೂಕಿ ಮುಂದೆ ಹಾಯ್ದ. ಕಾವು ಅವನ ಮೊಣಕಾಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು ನನ್ನವರೆಗೆ ಬಂತು. ಅವನು ತೆವಳತೊಡಗಿದ. ಮಾಸ್ತರರು ಅದೇ ಮೊಣಕಾಲಿಗೆ ಇನ್ನೊಂದು ಹೊಡೆದರು, ಅವನನ್ನು ದಿಬ್ಬದ ಮೇಲಕ್ಕೆ ಎಳೆದು ಕೆಡವಿ ಎದೆಯ ಮೇಲೆ ಕೂತರು. ಅವನು ಅವರ ಅಂಗೈ ಕಚ್ಚಿ ಹರಿದ. ಅವರು ಏಳಲಿಲ್ಲ. ನೀರು ಓಣಿಯನ್ನು ತುಂಬಿ ಹರಿಯಿತು, ಮಣ್ಣಿನ ಗೋಡೆಗಳು ಒಂದರ ಹಿಂದೊಂದು ಕುಸಿದವು. ದ್ಯಾಮಣ್ಣ ಓಣಿಗೆ ಇಳಿದಿದ್ದರೆ ಮನೆಯ ಹೊಸ್ತಿಲನ್ನೂ ಮುಟ್ಟುತ್ತಿರಲಿಲ್ಲ. ಮೇಲಿನಿಂದ ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಫಕೀರವ್ವನ ಹೆಣ ದೂರದ ಜಾಲಿಕಂಟಿಯಲ್ಲಿ ಸಿಕ್ಕಿತು. ದವಾಖಾನೆಯಲ್ಲಿ ದ್ಯಾಮಣ್ಣ ಮಾಸ್ತರರನ್ನು ಕೇಳಿದ್ದು ಒಂದೇ ಮಾತು. "ಅವ್ವ ಒದರಿದ್ದು ನಿಮಗ ಕೇಳಿತೇನ್ರಿ?" ತನ್ನದೇ ಚೀರಾಟದಲ್ಲಿ ಅವನಿಗೆ, ಮಕ್ಕಳ ಅಳುವಿನಲ್ಲಿ ನನಗೆ, ಬೇರೇನೂ ಕೇಳಿಸಿರಲಿಲ್ಲ.

"ಇಲ್ಲೊ. ಗ್ವಾಡಿ ಮದಲ ಬಿದ್ದಿತ್ತು," ಎಂದರು.

ಅವನು ನಂಬಲಿಲ್ಲ. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕೆಡವಿ, ಬಲಗೈ ಮಣಿಕಟ್ಟನ್ನು ಇಟ್ಟಂಗಿಯಿಂದ ಜಜ್ಜಿದ. ಒಂದೊಂದು ಪೆಟ್ಟಿಗೂ "ಕೇಳಿತೇನು? ಕೇಳಿತೇನು?" ಎನ್ನುತ್ತಿದ್ದ. ಪೊಲೀಸರು ಬಂದಾಗ ಮಾಸ್ತರರು, "ಬಸ್ಸಿನ ಮೆಟ್ಟಲಾ ಜಾರಿತ್ರಿ," ಎಂದು ಹೇಳಿ ಕಳಿಸಿದರು.

ಆಮೇಲೆ ಆ ಸಮುದ್ರದ ಊರಿನ ಪಾಠ ನಿಂತಿತು. ಕಾರಣವನ್ನು ನನ್ನೊಬ್ಬನಿಗೆ ಹೇಳಿದರು. "ಅಲ್ಲಿ ಮನಿಮನ್ಯಾಗ ಮದಲ ಮಾತಾಗಿರ್ತೈತಿ. ನನ್ನ ಸಲುವಾಗಿ ತಿರುಗಿ ಬರಬ್ಯಾಡ ಅಂತ ತಾಯಿ ತನ್ನ ಬಾಯಿಲೆ ಮಗಗ ಹೇಳಿರ್ತಾಳ. ನಾ ಇಲ್ಲಿ ಬರೇ ಓಡೂದು ಕಲಿಸಿದ್ನಿ. ಆ ಮಾತು ಯಾರ ಮನ್ಯಾಗೂ ಆಡಸಲಿಲ್ಲ."

ಬುಧವಾರ ಬೆಳಿಗ್ಗೆ ದ್ಯಾಮಣ್ಣ ಬಂದದ್ದೂ ದವಾಖಾನೆಯಲ್ಲಿ ಕೇಳಿದ್ದ ಆ ಪ್ರಶ್ನೆಗಾಗಿಯೇ.

"ಹೆಣಾ ಹೊಡಿಯಾಕ ಬಂದಿಲ್ರಪಾ ನಾ. ಒಂದು ಮಾತು ಕೇಳಿ ಹೊಕ್ಕೇನಿ."

"ಅಂವನ್ನ ಬಿಡ್ರಿ," ಎಂದರು ನೀಲವ್ವ.

ಅವನು ಕಟ್ಟೆ ಹತ್ತಿ ಅವರ ಎದುರು ನಿಂತ. "ಅಕ್ಕಾರ, ನಿಮ್ಮ ಮುಂದರೆ ಮಾಸ್ತರ ಖರೇ ಹೇಳಿರಬೇಕು. ನಮ್ಮವ್ವ ಒದರಿದ್ಲೇನು?"

"ಇಲ್ಲ ಅನ್ನಬೇ ನೀಲವ್ವಾ," ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು.

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಒದರಿದ್ಲಪಾ. ನಿನ್ನ ಹೆಸರು ಹಿಡಿದು ಒದರಿದ್ಲಂತ. ಗ್ವಾಡಿ ಬೀಳೂ ತನಕಾ ಒದರಿದ್ಲಂತ. ಇದು ಕೇಳಿದ್ರ ನೀ ಉಳಿಯೂದಿಲ್ಲ ಅಂತ ನಿನಗ ಸುಳ್ಳು ಹೇಳಿದ್ರು."

ದ್ಯಾಮಣ್ಣ ಹೆಣದ ಮೇಲೆ ಬಿದ್ದ. ಅಂಗಿಯ ಎದೆ ಹಿಡಿದು ಜಗ್ಗಾಡಿದ, ಮಾಸ್ತರರ ತಲೆ ಗೋಡೆಗೆ ಬಡಿಯಿತು. ಮಾಲೆ ಹರಿಯಿತು, ವಿಭೂತಿ ಚೆಲ್ಲಿತು. "ಏಳ್ರಿ! ಏಳ್ರಿ ಮಾಸ್ತರ! ಈಗ ಹೊಡೀರಿ ನನ್ನ!" ನಾನು ಅವನ ನಡು ಹಿಡಿದು ಎಳೆದೆ. ಅವನ ಮೊಣಕೈ ಬಡಿದು ನನ್ನ ಮೂಗು ಒಡೆಯಿತು. ಅಂಗಿ ಕೊರಳಿಂದ ಹೊಟ್ಟೆಯವರೆಗೆ ಹರಿದ ಮೇಲೆ ಅವನೇ ಕೈ ಬಿಟ್ಟ. ಯಾರ ಮುಖವನ್ನೂ ನೋಡದೆ ಕಟ್ಟೆ ಇಳಿದು, ಕಾಲು ಎಳೆಯುತ್ತ ಹೋದ.

ನಾನು ಮೂಗು ಒರೆಸಿಕೊಂಡು, ಹೆಣವನ್ನು ನೆಟ್ಟಗೆ ಕೂರಿಸಿ, ಟ್ರಂಕಿನಿಂದ ಹೊಸ ಅಂಗಿ ತಂದೆ. ನೀಲವ್ವ ನನ್ನ ಕೈ ತಡೆದರು.

"ಬ್ಯಾಡ್ರಿ ಅಣ್ಣಾರ. ಅಂವ ಹರದದ್ದು ಹಾಂಗ ಹೋಗ್ಲಿ."

ಹರಿದ ಅಂಗಿಯಲ್ಲೇ ಅವರನ್ನು ಕುಣಿಗೆ ಇಳಿಸಿ ಮಣ್ಣು ಕೊಟ್ಟೆವು. ಸಲಿಕೆ, ಬುಟ್ಟಿ, ಹಗ್ಗ ತೊಳೆದು, ಎರವಲು ಕೊಟ್ಟವರಿಗೆ ಒಪ್ಪಿಸಿದೆ. ಮಾಸ್ತರರ ಮನೆಗೆ ಬಂದು, ಹೊಸ ಅಂಗಿಯನ್ನು ಮಡಿಕೆ ಸರಿಮಾಡಿ ಟ್ರಂಕಿನೊಳಗೆ ಇಟ್ಟು, ಕೊಂಡಿ ಹಾಕಿದೆ.