ಎರಡು ಗಂಟಿನ ರೇಷ್ಮೆ ಎಳೆ

ರತ್ನ ಒಂದೇ ಗೆರೆಯನ್ನು ಮೂರು ಸಲ ಎಳೆಯುವವಳು. ನೋಡಿ ನೋಡಿ ನನಗೆ ರೇಗಿಹೋಗುತ್ತಿತ್ತು. "ಆಚೆ ಇಪ್ಪತ್ ಜನ ಕುಂತವ್ರೆ ಕಣಮ್ಮ, ನೀನೇನು ರಂಗೋಲಿ ಬುಡ್ತಿದ್ದೀಯಾ?" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಅವಳು ತಿರುಗಿಯೂ ನೋಡುತ್ತಿರಲಿಲ್ಲ. "ಇರಣ್ಣ, ಇನ್ನೊಂದ್ಸಲ" ಅನ್ನುವಳು, ಅಷ್ಟೇ.

ಕೊಳ್ಳೇಗಾಲದ ನಮ್ಮ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ಚೀಟಿ ಬರೆಯುವವನು. 2003ರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದವರು ಫಿಲಂ ಹಾಳೆಯ ಜೊತೆ ಒಂದು ಸೀಡಿಯನ್ನೂ ತರುತ್ತಿದ್ದರು. ಸೀಡಿ ಹಾಕಿ, ಗಡ್ಡೆಯೋ ಕಲ್ಲೋ ಇರುವ ಚಿತ್ರ ಹುಡುಕಿ, ಮೌಸಿನಿಂದ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದರೆ ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕ ಬರುತ್ತಿತ್ತು. ಹಾಗೆ ಅಳೆದು, ಬಾಣದ ಗುರುತು ಹಾಕಿ, ಪಕ್ಕದಲ್ಲಿ ಹೆಸರು ಬರೆದಿಡುವುದು ರತ್ನಳ ಕೆಲಸ. ಅವಳಪ್ಪ ಮಗ್ಗದವರು. ಚಿಕ್ಕಂದಿನಿಂದ ಸೀರೆ ಹರವಿಕೊಂಡು ತುಂಡಾದ ಎಳೆ ಹುಡುಕಿದ ಕಣ್ಣು ಅವಳದು. ಡಾಕ್ಟರದು ಒಂದೇ ಕಟ್ಟಪ್ಪಣೆ: ಅಳೆದಿಡು, ರೋಗಿಗಳ ಹತ್ತಿರ ಬಾಯಿ ಬಿಡಬೇಡ.

ಮಾರನೇ ವರ್ಷ ಒಂದು ಮಂಗಳವಾರ, ಡಾಕ್ಟರು ಊರಲ್ಲಿರಲಿಲ್ಲ. ಮಧುವನಹಳ್ಳಿಯ ಪುಟ್ಟಮಾದಪ್ಪ ಹೆಂಡತಿ ಮಹಾದೇವಮ್ಮನನ್ನು ಕರೆದುಕೊಂಡು ಬಂದರು. ಆಕೆಯ ಲಿವರ್‌ನಲ್ಲಿ ಕೀವುಗಡ್ಡೆ. ತಿಂಗಳಿಂದ ಔಷಧಿ ನಡೆದಿತ್ತು, ವಾರದ ಹಿಂದೆ ಮೈಸೂರಿನಲ್ಲಿ ಎರಡನೇ ಸ್ಕ್ಯಾನ್ ಆಗಿತ್ತು. ಪುಟ್ಟಮಾದಪ್ಪ ಮಾತ್ರೆಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟರು.

"ಮಿಕ್ಕಿರೋದು ಸಾ. ಬ್ಯಾರೆ ಯಾರ್ಗಾದ್ರೂ ಆಯ್ತದೆ, ಮಡಿಕಳಿ. ಮಾದಪ್ಪನ ಬೆಟ್ಟದ್ ಬಸ್ ಅತ್ತುತೀವಿ. ಇನ್ನು ಆ ಸಾಮಿನೇ ಗತಿ."

"ಯಾಕೆ, ಡಾಕ್ಟರು ಬೇಡ ಅಂದ್ರಾ?"

ಅವರು ಜೇಬಿನಿಂದ ಒಂದು ರೇಷ್ಮೆ ಎಳೆ ತೆಗೆದರು. ನೂಲು ತೆಗೆಯುವ ಕೆಲಸದವರು. ಎಳೆಗೆ ಎರಡು ಗಂಟು ಹಾಕಿದ್ದರು. ಚೀಲದಿಂದ ಎರಡೂ ಫಿಲಂ ತೆಗೆದು, ಹಳೆಯದರಲ್ಲಿ ಸ್ಕ್ಯಾನಿನವರು ಬಾಣ ಹಾಕಿದ್ದ ಗಡ್ಡೆಯ ಮೇಲೆ ಎಳೆ ಇಟ್ಟರು, ಮೊದಲ ಗಂಟಿಗೆ ಸರಿಹೋಯಿತು. ಹೊಸದರ ಮೇಲಿಟ್ಟರು, ಎರಡನೆಯ ಗಂಟಿನವರೆಗೂ ಬಂತು. "ಒಂದೂವರೆಯಷ್ಟು ಆಗ್ಬುಟ್ಟದೆ ಸಾ. ಆರ್ ದಿನ ಆಯ್ತು ಮಾತ್ರೆ ನಿಲ್ಸಿ. ಯಾಕ್ ಸುಮ್ನೆ ಅವಳ್ನ ಗೋಳಾಡಿಸ್ಬೇಕು?"

ಬೈಯಲು ಬಾಯಿ ತೆರೆದವನು ಬಗ್ಗಿ ಎರಡೂ ಹಾಳೆ ನೋಡಿದೆ. ಎಳೆ ಸರಿಯಾಗಿಯೇ ಇತ್ತು. ಮಹಾದೇವಮ್ಮ ಬೆಂಚಿನ ಮೇಲೆ ಸೆರಗು ಹೊದ್ದು ನೆಲ ನೋಡುತ್ತಾ ಕೂತಿದ್ದರು.

ರತ್ನ ಬಂದು ಅವರ ಚೀಲದಿಂದ ಎರಡೂ ಸೀಡಿ ತೆಗೆದುಕೊಂಡು ಹೋದಳು. ಮೂರು ಸಲ, ಆರು ಸಲ ಗೆರೆ ಎಳೆದಳು. ಅವತ್ತು ನಾನೂ ಅವಳ ಹಿಂದೆ ನಿಂತು ಅಂಕಿ ನೋಡಿದೆ. ಹಳೆಯದು ನಲವತ್ತೊಂದು, ಹೊಸದು ಇಪ್ಪತ್ತೇಳು.

"ಇಳಿದದೆ ಕಣಣ್ಣ" ಎಂದು ಪಿಸುಗುಟ್ಟಿದಳು. "ಅವ್ರ್ಗೆ ಹೇಳ್ಲಾ, ಬ್ಯಾಡ್ವಾ?"

"ಕೆಲಸ ಹೋದೀತು ಕಣಮ್ಮ" ಅಂದೆ. ಹೇಡಿ ನಾನು.

ಅವಳು ಆಚೆ ಬಂದು ಅಂಕಿ ಹೇಳಿದಳು. ಪುಟ್ಟಮಾದಪ್ಪ ತಲೆಯಾಡಿಸಿದರು. "ಮಿಸಿನ್ನು ಏನಾರ ಅಂದ್ಕಳ್ಲಿ ಕಣವ್ವ. ನನ್ ಎಳೆ ಸುಳ್ಳೇಳ್ತದಾ?"

"ಇಲ್ಲ ಬುಡಿ, ಅದ್ರಲ್ಲೇ ಅಳೀರಿ" ಅಂದಳು ರತ್ನ. ಎರಡು ಫಿಲಮ್ಮಲ್ಲೂ ನಡುವಿನ ಬಿಳಿ ಗುಂಡು ತೋರಿಸಿದಳು. "ಇದು ಬೆನ್ಮೂಳೆ. ಮೊದ್ಲು ಇದುನ್ನ ಅಳೀರಿ."

ಹಳೆಯದರಲ್ಲಿ ಬೆನ್ನುಮೂಳೆ ಮೊದಲ ಗಂಟಿಗೆ ಸರಿಯಾಗಿ, ಗಡ್ಡೆಯಷ್ಟೇ ಇತ್ತು. ಹೊಸದರಲ್ಲಿ ಎರಡನೇ ಗಂಟನ್ನೂ ದಾಟಿ ಹೋಯಿತು. ಅವರು ಮತ್ತೆ ಇಟ್ಟರು.

"ಐವತ್ ವರ್ಸಕ್ಕೆ ನಿಮ್ಮೆಂಡ್ರು ಬೆನ್ಮೂಳೆ ಬೆಳೀತದಾ? ಹಳೇ ಹಾಳೇಲಿ ಇಪ್ಪತ್ ಚಿತ್ರ ತುರುಕವ್ರೆ, ಇದ್ರಲ್ಲಿ ನಾಕೇ. ಅದ್ಕೆ ಎಲ್ಲಾ ದಪ್ಪಗ್ ಕಾಣ್ತದೆ. ಆಗ ಗಡ್ಡೆ ಮೂಳೆಯಷ್ಟೇ ಇತ್ತು, ಈಗ ಮೂಳೆಗಿಂತ ಚಿಕ್ಕದು. ಮಾತ್ರೆ ಹಿಡಿದದೆ ಕಣಪ್ಪಾ, ನಿಲ್ಲಿಸ್ಬ್ಯಾಡಿ!"

ಪುಟ್ಟಮಾದಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಳುತ್ತಿದ್ದರು. ಆಗ ಮಹಾದೇವಮ್ಮ ಬಾಯಿ ಬಿಟ್ಟರು: "ಅಯ್ಯೋ ನಿನ್ ಮನೆ ಕಾಯ್ವೋಗ! ಸಾಯೋಳ್ಗ್ಯಾಕೆ ಅಂತ ನನ್ ಕೆಂಪು ರೇಸ್ಮೆ ಸೀರೆನ ಸೊಸೆಗ್ ಕೊಟ್ಬುಟ್ನಲ್ಲೋ!" ನಾನೇ ನೀರು ತಂದು ಮಾತ್ರೆ ನುಂಗಿಸಿದೆ.

ಗುರುವಾರ ಡಾಕ್ಟರು ಎರಡನ್ನೂ ತಾವೇ ಅಳೆದರು. ಅಂಕಿ ಅದೇ ಬಂತು. ಆದರೂ ರತ್ನಳಿಗೆ ಬೈದರು. "ಬೈಯಿರಿ ಸಾರ್" ಅಂದಳು, "ನಿಮ್ಮನ್ನ ಕಾದಿದ್ರೆ ಅವರು ಬೆಟ್ಟದಲ್ಲಿರ್ತಿದ್ರು." ಡಾಕ್ಟರು ಎದ್ದು ಒಳಗೆ ಹೋದರು. ಮಾರನೇ ದಿನದಿಂದ ಅವಳು ಪ್ರತಿ ಫಿಲಂ ಕವರಿನ ಮೇಲೂ ಕನ್ನಡದಲ್ಲಿ ಅಳತೆ ಬರೆದು, ಕೆಳಗೆ "ಹಾಳೆಯ ಮೇಲೆ ಅಳೆಯಬೇಡಿ" ಎಂದು ಸೇರಿಸತೊಡಗಿದಳು. ಡಾಕ್ಟರೂ ಬೇಡವೆನ್ನಲಿಲ್ಲ. ಮೂರು ಸಲ ಗೆರೆ ಎಳೆಯುವಾಗ ನಾನೂ ಕೂಗುವುದನ್ನು ಬಿಟ್ಟೆ.

ಮೂರು ತಿಂಗಳಿಗೆ ಮಹಾದೇವಮ್ಮ ಕೊನೆಯ ಸಲ ತೋರಿಸಲು ಬಂದರು. ಉಟ್ಟಿದ್ದು ಕೆಂಪು ರೇಷ್ಮೆ ಸೀರೆ. ರತ್ನ ನಗುತ್ತಾ, "ಕೊಟ್ಟಿದ್ದನ್ನ ಎಂಗವ್ವ ವಾಪಸ್ ಕೇಳುದ್ರಿ?" ಅಂದಳು.

"ಬಾಯ್ಬುಟ್ಟೇ ಕೇಳ್ದೆ ಕಣವ್ವ. ಸಾಯೋಳಾದ್ರೆ ನಾಚ್ಕೋಬೇಕು, ನಾನು ಬದುಕೋಳು."