ಎಂಟು ಕೋಶಗಳ ಬುತ್ತಿ

ಆಗಷ್ಟೇ ಕೊಯ್ದ ಆಡಿನ ಅಂಡಾಶಯಗಳನ್ನು ಫ್ಲಾಸ್ಕಿನಲ್ಲಿಟ್ಟುಕೊಂಡು ಹೊರಟವಳನ್ನು ಊಟಕ್ಕೆ ಕೂರಿಸುವ ಸೀಮೆ ಇದು. ನಮ್ಮ ಮಂಡ್ಯದಲ್ಲಾದರೆ ಬಾಗಿಲಲ್ಲೇ ಕೈಮುಗಿದು ಕಳಿಸುತ್ತಿದ್ದರು.

ವಿಜಯಪುರಕ್ಕೆ ಬಂದು ಎಂಟು ತಿಂಗಳು. ಇಬ್ರಾಹಿಂಪುರದಲ್ಲಿ ಬಾಡಿಗೆ ಕೋಣೆ. ರೈಲು ಹೋದಾಗ ಲೋಟದ ನೀರು ನಡುಗುತ್ತದೆ. ಕೆಲಸ, ಪ್ರಯೋಗಾಲಯದಲ್ಲಿ ಆಡಿನ ಭ್ರೂಣ ಬೆಳೆಸುವುದು. ಕೊಯ್ದ ಆಡಿನ ಅಂಡದಿಂದಲೂ ಭ್ರೂಣ ಮಾಡಿ ಬೇರೊಂದು ಆಡಿನ ಗರ್ಭದಲ್ಲಿಡಬಹುದು.

ಘೋಣಸಗಿಯ ಶಾಂತವ್ವನ ಆಡಿಗೆ ಟ್ರ್ಯಾಕ್ಟರ್ ಬಡಿದು ಸೊಂಟ ಮುರಿದಿತ್ತು. ಮದುವೆಯಾಗಿ ಬಬಲೇಶ್ವರದಿಂದ ಬರುವಾಗ ತವರಿನವರು ಕೊಟ್ಟ ತಳಿ. ಅದರಲ್ಲಿ ಉಳಿದದ್ದು ಇದೊಂದೇ. ಕೊಯ್ಯುವ ಮೊದಲು ನಮ್ಮನ್ನು ಕರೆಸಿದ್ದಳು: "ಒಂದರೆ ಮರಿ ಉಳಿಸಿ ಕೊಡ್ರಿ."

ಬೆಚ್ಚಗಿನ ಉಪ್ಪುನೀರಿನಲ್ಲಿ ಅಂಡಾಶಯಗಳನ್ನಿಟ್ಟು ಏಳುವಷ್ಟರಲ್ಲಿ ತಟ್ಟೆ ಬಂತು.

"ಖಾಲಿ ಹೊಟ್ಟೀಲೆ ಹೊಂಟ್ರ ಮಂದಿ ನನಗ ನಗ್ತಾರ, ಅಕ್ಕಾರ. ಅಗದ ಉಣ್ರಿ. ನಿಮ್ಮೂರಾಗ ಮುದ್ದಿ ನುಂಗ್ತೀರಂತಲ್ಲ, ನಮ್ಮ ರೊಟ್ಟಿ ನುಂಗಿದ್ರ ಗಂಟಲ ಹರದೀತು!"

ಕೈತೊಳೆದು ಫ್ಲಾಸ್ಕ್ ತೆರೆದರೆ ಒಳಗೆಲ್ಲ ತಣ್ಣಗೆ. ಅಂಡಗಳಿಗೆ ಥಂಡಿ ಆಗದು.

"ಬಿಸಿನೀರಾಗ ಕೆಟ್ಟೀತಂತ ಚೆಲ್ಲಿ, ಗಡಗೀ ನೀರ ಹಾಕೀನ್ರಿ. ಗಿಣ್ಣದ ಹಾಲೂ ಹಂಗ ಥಂಡ ಇಡ್ತೀವಿ."

ಚೆಲ್ಲುವ ಮೊದಲು ನನ್ನನ್ನು ಕೇಳಿದ್ದಳೇ? ನಾನು ತಲೆಯಾಡಿಸಿದ್ದೆನೇ? ಆ ರಾತ್ರಿ ಬರೆದ ನನ್ನ ದಿನಚರಿಯಲ್ಲಿ ಆ ಸಾಲಿಲ್ಲ.

ಬುತ್ತಿ ಎಂದರೆ ಇಲ್ಲಿ ಹೊಲಕ್ಕೆ, ದಾರಿಗೆ ಕಟ್ಟಿಕೊಡುವ ರೊಟ್ಟಿಯ ಗಂಟು. ಭ್ರೂಣಕ್ಕೂ ಅಂಥದೊಂದು ಇದೆ. ಮೊದಲ ದಿನಗಳಲ್ಲಿ ಅದು ಸಕ್ಕರೆಯನ್ನು ಅಷ್ಟಾಗಿ ಬಳಸದು. ಪೈರುವೇಟ್ ಎಂಬ ಹಗುರ ಆಹಾರ ಕೊಡುತ್ತೇವೆ. ಅದನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯಗಳು ತಾಯಿಯ ಅಂಡದಲ್ಲೇ ಬಂದಂಥವು. ಹೊಸವು ಸದ್ಯಕ್ಕೆ ಹುಟ್ಟುವುದಿಲ್ಲ. ಒಂದು ಕೋಶ ಎರಡಾಗಿ, ನಾಲ್ಕಾಗಿ, ಇದ್ದುದನ್ನೇ ಹಂಚಿಕೊಳ್ಳಬೇಕು. ಎಂಟರ ಸುಮಾರಿಗೆ ಅದರ ಸ್ವಂತ ವಂಶವಾಹಿಗಳು ಎಚ್ಚರಗೊಳ್ಳಬೇಕು. ಇಲ್ಲವಾದರೆ ಅಲ್ಲಿಗೇ ನಿಲ್ಲುತ್ತದೆ.

ನಾಲ್ಕು ಭ್ರೂಣಗಳಾದವು. ನಾಲ್ಕೂ ಎಂಟಕ್ಕೆ ನಿಂತವು. ಆ ನೀರಿನಿಂದಲೇ ಎಂದು ಆಣೆಯಿಟ್ಟು ಹೇಳಲಾರೆ. ಚೆನ್ನಾಗಿ ತಂದವೂ ಎಷ್ಟೋ ಸಲ ನಿಲ್ಲುತ್ತವೆ. ಮೂರು ದಿನ ಸೂಕ್ಷ್ಮದರ್ಶಕ ಬಿಟ್ಟೇಳಲಿಲ್ಲ. ಮಾತಾಡಲು ಯಾರೂ ಇರಲಿಲ್ಲ.

ಹೇಳಲು ನಾನೇ ಹೋದೆ.

"ನಮ್ಮ ಗಡಗೀ ನೀರ ಕುಡದವು, ಹೆಂಗ ಸತ್ತೂವ್ರಿ?"

"ಬಿಸಿಲಿಗೆ," ಎಂದೆ. ಇದು ಮಾತ್ರ ದಿನಚರಿಯಲ್ಲಿದೆ: ಸುಳ್ಳು, ನನ್ನದೇ.

ಶಾಂತವ್ವ ಖಾಲಿ ಗೂಟದ ಕಡೆ ನೋಡಿದಳು. "ತವರಿಂದ ಬಂದದ್ದೆಲ್ಲಾ ಮುಗೀತ್ ನೋಡ್ರಿ. ಇನ್ನ ನಾ ಒಬ್ಬಾಕಿ." ಆಮೇಲೆ ಎದ್ದು ನನಗೆ ಬುತ್ತಿ ಕಟ್ಟಿದಳು.

ಟಿಕೋಟಾದಲ್ಲಿ ಬಸ್ಸಿಗೆ ಕಾಯುತ್ತ ಅದನ್ನು ಬಿಚ್ಚಿದೆ. ಖಟಿ ರೊಟ್ಟಿ, ಒಣಗಿಸಿ ಗಟ್ಟಿ ಮಾಡಿದ್ದು. ನಿಧಾನಕ್ಕೆ ಅಗಿದೆ, ಈಗ ಒಗ್ಗಿದೆ. ಹೋದ ತಿಂಗಳು ಮಂಡ್ಯದ ಮನೆಗೆ ಹೋಗಿದ್ದಾಗ ಮುದ್ದೆಯನ್ನೂ ಅಗಿದೆನಂತೆ. ಅಮ್ಮ ಫೋನಿನಲ್ಲಿ ಹೇಳಿದಳು. ನನಗೆ ನೆನಪಿಲ್ಲ.